ಇಪ್ಪತ್ತು ತೂಗಾಟ

ಅಕ್ಕನ ಮಗಳು ಬೆಳಗಿನಿಂದ ಒಂದೇ ಸಾಲನ್ನು ಉರು ಹೊಡೆಯುತ್ತಿದ್ದಾಳೆ: 'ಭೌತಶಾಸ್ತ್ರವೆಂದರೆ ದ್ರವ್ಯ ಮತ್ತು ಶಕ್ತಿಯನ್ನು ಅಭ್ಯಸಿಸುವ ವಿಜ್ಞಾನ.' ನನ್ನ ಕಾಫಿ ಎರಡು ಸಲ ಆರಿತು. ದ್ರವ್ಯವೂ ಬಂತು, ಶಕ್ತಿಯೂ ಬಂತು, ಇನ್ನು ಲೋಕದಲ್ಲಿ ಉಳಿದದ್ದೇನು? ಇಂಥ ವ್ಯಾಖ್ಯೆ ಬರೆದವರನ್ನು ಕೂರಿಸಿ ಅದನ್ನೇ ನೂರು ಸಲ ಬರೆಸಬೇಕು.

ನನಗೆ ಭೌತಶಾಸ್ತ್ರದ ಪರಿಚಯವಾದದ್ದು ಮೊದಲ ಪಿಯುಸಿಯ ಪ್ರಯೋಗಾಲಯದಲ್ಲಿ, ಒಂದು ದಾರದ ತುದಿಯಲ್ಲಿ. ದಾರಕ್ಕೆ ಹಿತ್ತಾಳೆಯ ಗುಂಡು, ಲೋಲಕದ ಉದ್ದ ಒಂದು ಮೀಟರು. ಗುಂಡನ್ನು ತುಸುವೇ ಪಕ್ಕಕ್ಕೆಳೆದು ಬಿಡಬೇಕು, ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ನೋಡಬೇಕು, ಅದರಿಂದ ಭೂಮಿಯ ಸೆಳೆತವನ್ನು ಲೆಕ್ಕ ಹಾಕಬೇಕು. ಉತ್ತರ 9.8 ಎಂದು ಪುಸ್ತಕದಲ್ಲಿ ಮೊದಲೇ ಅಚ್ಚಾಗಿತ್ತು. ನನಗೆ 10.9 ಬಂತು.

ಮತ್ತೆ ತೂಗಿದೆ. 10.8. ದಾರ ಬದಲಿಸಿದೆ. ಫ್ಯಾನ್ ಆರಿಸಿದೆ, ಅಟೆಂಡರ್ ಬೈದು ಮತ್ತೆ ಹಾಕಿದರು. ಪಕ್ಕದ ಮೇಜಿನವನಿಗೆ ಮಾತ್ರ ಮೊದಲ ಏಟಿಗೇ 9.8! ಅವನು ಗುಂಡನ್ನು ಮುಟ್ಟಿರಲೇ ಇಲ್ಲ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಸೆಕೆಂಡುಗಳನ್ನು ತುಂಬಿದ್ದ. ಅವನ ರೆಕಾರ್ಡಿಗೆ ಹತ್ತಕ್ಕೆ ಹತ್ತು. ನನ್ನದಕ್ಕೆ ಕೆಂಪು ಶಾಯಿಯಲ್ಲಿ 'ಪುನಃ ಮಾಡಿ'. ಆ ಶಾಯಿ ನನಗಿನ್ನೂ ಒಣಗಿಲ್ಲ. ಪೀಸಾದ ಚರ್ಚಿನಲ್ಲಿ ತೂಗುದೀಪವನ್ನು ನೋಡುತ್ತ ಗೆಲಿಲಿಯೊ ತನ್ನ ನಾಡಿ ಹಿಡಿದೇ ಕಾಲ ಅಳೆದನೆಂಬ ಕಥೆಯಿದೆ. ಅವನಿಗೆ ರೆಕಾರ್ಡ್ ಪುಸ್ತಕದ ಕಾಟವಿರಲಿಲ್ಲ, ಪುಣ್ಯವಂತ.

ತಪ್ಪು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ದೇವಸ್ಥಾನದಲ್ಲಿ. ಅಜ್ಜಿಯೊಡನೆ ಪ್ರದಕ್ಷಿಣೆಗೆ ಹೊರಟವನು ಹೆಜ್ಜೆ ಎತ್ತುತ್ತಲೇ 'ಒಂದು' ಎಂದೆ. 'ಸುತ್ತು ಮುಗಿಯಲಿ ಮಾರಾಯ, ಆಮೇಲೆ ಒಂದು ಎನ್ನು' ಎಂದರು ಅಜ್ಜಿ. ನಿಂತಲ್ಲೇ ನಿಂತೆ, ಹಿಂದಿನವರು ಬಂದು ಬೆನ್ನಿಗೆ ಹಾಯ್ದರು. ಗುಂಡನ್ನು ಬಿಡುವಾಗಲೇ ನಾನು 'ಒಂದು' ಎಂದಿದ್ದೆ! ಇಪ್ಪತ್ತು ಎನ್ನುವಾಗ ಆಗಿದ್ದದ್ದು ಹತ್ತೊಂಬತ್ತೇ ತೂಗಾಟ. 40 ಸೆಕೆಂಡು ಆಗಬೇಕಾದಲ್ಲಿ 38. ಕಾಲದ ವರ್ಗದಿಂದ ಭಾಗಿಸುವಾಗ ಆ ಶೇಕಡ 5ರ ತಪ್ಪು ಉಬ್ಬಿ 10ನ್ನು ದಾಟುತ್ತದೆ. 'ಪುನಃ ಮಾಡಿ' ಎಂದವರು 'ಎಲ್ಲಿ, ಎಣಿಸು ನೋಡೋಣ' ಎಂದಿದ್ದರೆ ಅಂದೇ ಮುಗಿಯುತ್ತಿತ್ತು.

ಇದನ್ನೆಲ್ಲ ಹೇಳಿ ದಾರ ಹುಡುಕಲು ಎದ್ದೆ. ಹಿತ್ತಾಳೆಯ ಗುಂಡಿಗೆ ಎಲ್ಲಿ ಹೋಗಲಿ, ಗೇಟಿನ ಬೀಗ ಸಾಕು. 'ಮಾವ, ಅದು ಪರೀಕ್ಷೆಗೆ ಬರುವುದಿಲ್ಲ. ವ್ಯಾಖ್ಯೆಗೆ ಎರಡು ಅಂಕ' ಎಂದಳು ಹುಡುಗಿ. ಮತ್ತೆ ದ್ರವ್ಯ, ಮತ್ತೆ ಶಕ್ತಿ.

ಕಿಟಕಿಯ ಸರಳಿಗೆ ಕಟ್ಟಿ ಒಬ್ಬನೇ ತೂಗಿದೆ, ಸೊನ್ನೆಯಿಂದ. ಹದಿನೇಳಕ್ಕೆ ಬರುವಷ್ಟರಲ್ಲಿ ಗೇಟಿನ ಬೀಗ ಎಲ್ಲಿ ಎಂದು ಅಕ್ಕ ಕೂಗಿದಳು. ಲೆಕ್ಕ ತಪ್ಪಿತು.