ಮೊದ್ಲ ರೊಕ್ಕ ಮ್ಯಾಟಿಗೇ ಹಾಕ್ರಿ

ಕಲಬುರಗಿದಾಗ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಸ್ಲತ್ತೀನಿ ಅಂದ್ರ ಮಂದಿ ಮೊದ್ಲು ಕೇಳೋದು, ಸರ್ ನಿಮ್ ಬಲ್ಲಿ ಬೀಮ್ ಅದ ಏನ್ರಿ, ಬಾರ್ ಅವ ಏನ್ರಿ? (ಬೀಮ್ ಅಂದ್ರ ಮ್ಯಾಲ ನಿಂತು ಕಸರತ್ತು ಮಾಡೋ ಸಣ್ಣ ಅಗಲದ ತೊಲಿ, ಬಾರ್ ಅಂದ್ರ ಹಿಡದು ಜೋತಾಡೋ ಸಲಾಕಿ.) ಇಲ್ರಿ. ನಮ್ದು ಒಂದೇ ಹಾಲ್, ಅದೂ ಬಾಡಿಗಿದು, ಲಗ್ನದ ಸೀಸನ್ ಬಂತಂದ್ರ ಅಲ್ಲಿ ಊಟದ ಪಂಕ್ತಿ ಕೂಡ್ತದ, ನಮ್ ಕ್ಲಾಸ್ ಬಂದ್. ಸ್ಪರ್ಧೆದ ರೂಲ್ಸ್ ಪ್ರಕಾರ ಫ್ಲೋರ್, ಅಂದ್ರ ಪಲ್ಟಿ ಹೊಡಿಯೋ ಅಂಕಣ, 12 ಮೀಟರ್‌ಗೆ 12 ಮೀಟರ್ ಇರ್ಬೇಕು, ವಾಲ್ಟಿಗೆ (ಓಡಿ ಬಂದು ಮೇಜಿನ ಮ್ಯಾಲ ಕೈ ಊರಿ ಜಿಗಿಯೋದು) ಓಡಿ ಬರ್ಲಿಕ್ಕೇ 25 ಮೀಟರ್, ಅಷ್ಟು ಓಡಿದ್ರ ನಮ್ ಹುಡುಗ್ರು ಸೀದಾ ರೋಡಿಗೇ ಬೀಳ್ತಾರ.

ಹಂಗಂತ ಕಲಸಾಕ ಆಗಂಗಿಲ್ಲ ಅಂತಲ್ಲ. ಬೀಮ್ ಅಗಲ 10 ಸೆಂ.ಮೀ., ಚಾಕ್‌ಪೀಸ್‌ಲೆ ಅಷ್ಟಗಲ ಪಟ್ಟಿ ಹೊಡದ್ರ ಸಣ್ಣವ್ರಿಗೆ ಅದೇ ಬೀಮ್, ಆಮ್ಯಾಲ ಬಡಿಗ್ಯಾರ ಕಡಿಂದ ಅಷ್ಟೇ ಅಗಲದ ಹಲಗಿ ಮಾಡ್ಸಿ ನೆಲದ ಮ್ಯಾಲ ಇಡ್ರಿ, ಖರೆ ಬೀಮ್ 125 ಸೆಂ.ಮೀ. ಎತ್ತರ ಇರ್ತದ, ಅದಕ್ಕೇನ್ ಅವಸರ ಇಲ್ಲ. ಹ್ಯಾಂಡ್‌ಸ್ಟ್ಯಾಂಡಿಗೆ, ಅಂದ್ರ ಕಾಲು ಮ್ಯಾಲ ಮಾಡಿ ಕೈ ಮ್ಯಾಲ ನಿಂದ್ರೋದಕ್ಕ, ಗ್ವಾಡಿ ಸಾಕು. ಹೊಟ್ಟಿ ಗ್ವಾಡಿ ಕಡಿ ಇರ್ಲಿ, ಬೆನ್ನು ಹಚ್ಚಿ ನಿಂತ್ರ ನಡ ಬಾಗಿ ಬಾಳೆಹಣ್ಣಾಗ್ತದ.

ಆದ್ರ ಮ್ಯಾಟಿನಾಗ ಜುಗಾಡ್ ಬ್ಯಾಡ್ರಿ. ನಮ್ ಕಡಿ ನೆಲ ಅಂದ್ರ ಶಹಾಬಾದ್ ಫರಸಿ, ಅದರ ಮ್ಯಾಲ ಬಿದ್ರ ಮೊಣಕೈ ಹೋತಂತ ತಿಳ್ಕೋರಿ. ಕೆಲವ್ರು ಮನ್ಯಾಗಿನ ಹತ್ತಿ ಗಾದಿ ತಂದ್ ಕೊಡ್ತಾರ, ಪಾಪ ಒಳ್ಳೆ ಮನಸ್ಸಿಂದನೇ, ಆದ್ರ ಅದು ಒಂದ್ ಕಡಿ ಗಂಟು ಒಂದ್ ಕಡಿ ತಗ್ಗು, ಜಿಗದು ಇಳಿಯೋ ಮಗೂನ ಕಾಲು ಉಳುಕೋದೇ. ಜೋಡಸೋ ಪಜಲ್ ಮ್ಯಾಟ್ ಅಂತೂ ಸಂದಿ ಬಿಟ್ಟು ಬೆರಳು ಸಿಗ್ತಾವ.

ಇನ್ನೊಂದು, ಕೋಚ್ ಒಬ್ರೇ ಇದ್ರ ಕೈ ಕೊಟ್ಟು ಹಿಡಿಯೋ ಐಟಂ ಒಂದ್ ಟೈಮಿಗೆ ಒಂದೇ ಇಡ್ರಿ. ಉಳಿದ ಮಕ್ಳು ಗ್ವಾಡಿ ಹತ್ರ, ಹಲಗಿ ಮ್ಯಾಲ, ಸ್ಪ್ಲಿಟ್ (ಕಾಲು ಪೂರಾ ಅಗಲಿಸಿ ಕೂಡೋದು), ಬ್ರಿಡ್ಜ್ (ಬೆನ್ನು ಬಾಗ್ಸಿ ಕಮಾನು ಮಾಡೋದು) ಅಂತ ಬಿದ್ರೂ ಏನೂ ಆಗ್ಲಾರದ ಕೆಲಸ ಮಾಡ್ಲಿ. ಸುಮ್ನ ಲೈನ್ ಹಚ್ಚಿ ನಿಂದ್ರಿಸಿದ್ರ ಹಿಂದಿನವ್ರು ನಿಮ್ ಕಣ್ಣು ತಪ್ಸಿ ಲಾಗ ಹೊಡಿಲಕ್ಕ ಶುರು ಮಾಡ್ತಾರ, ಪೆಟ್ಟಾಗೋದು ಹೆಚ್ಚಾಗಿ ಅಲ್ಲೇ. ಅದಕ್ಕೇ ನಾ ಬ್ಯಾಚ್ ಸಣ್ಣದಿಡ್ತೀನಿ, ಫೀಸು ಕಮ್ಮಿ ಬರ್ತದ, ಬರ್ಲಿ. (ಬ್ಯಾಸಿಗಿದಾಗ ಮುಂಜಾನೆ ಆರಕ್ಕೇ ಕ್ಲಾಸು, ಆಮ್ಯಾಲ ಆ ತಗಡಿನ ಕೆಳಗ ಯಾರ್ ಕೂಡ್ತಾರ್ರಿ.)

ಇಷ್ಟೆಲ್ಲಾ ಹೇಳಿದ್ರ ಯಾರಾರೆ ಒಬ್ರು ಅಗರ್ತಲಾದ ದೀಪಾ ಕರ್ಮಾಕರ್ ಕಥಿ ತೆಗೀತಾರ, ಆಕಿ ಏನೂ ಇಲ್ದೇ ಒಲಿಂಪಿಕ್ಸ್‌ಗೆ ಹೋಗಿಲ್ಲೇನ್ರಿ ಅಂತ. ಹೋಗ್ಯಾಳ್ರಿ, 2016ರ ರಿಯೋದಾಗ ವಾಲ್ಟ್‌ನಾಗ ನಾಕನೇ ಸ್ಥಾನ, ಕಂಚು ತಪ್ಪಿದ್ದು ಬರೇ 0.15 ಅಂಕದಾಗ, ನನಗೂ ಆಕಿ ಅಂದ್ರ ಭಾಳ ಅಭಿಮಾನ. ಹಂಗಂತ ಆಕಿ ಹೆಸ್ರು ಹೇಳಿ ನಮ್ ಮಕ್ಕಳನ್ನ ಫರಸಿ ಮ್ಯಾಲ ಪಲ್ಟಿ ಹೊಡಸೋದು ಯಾವ ನ್ಯಾಯ? ರೀಲ್ಸ್ ಸಲುವಾಗಿ ಬ್ಯಾಕ್‌ಫ್ಲಿಪ್ ಬೇಕನ್ನೋ ಪಾಲಕರಿಗೂ ಇದೇ ಮಾತು.

ಮೊನ್ನೆ ಒಬ್ರು ಸಾಹುಕಾರ್ರು ಫೋನ್ ಮಾಡಿ ಮಕ್ಕಳಿಗೆ ಟ್ರೋಫಿ ಕೊಡಸ್ತೀನಂದ್ರು. ಟ್ರೋಫಿ ಬ್ಯಾಡ್ರಿ ಸಾಹುಕಾರ್ರ, 20 ಸೆಂ.ಮೀ. ದಪ್ಪಂದು ಒಂದ್ ಲ್ಯಾಂಡಿಂಗ್ ಮ್ಯಾಟ್ ಕೊಡಸ್ರಿ ಅಂದೆ. ಅದರ ಮ್ಯಾಲ ನಮ್ ಹೆಸ್ರು ಎಲ್ಲಿ ಬರ್ಸಬೇಕು ಅಂತ ಕೇಳಿದ್ರು. ಬಾಜೂಕ ದೊಡ್ಡದಾಗಿ ಬರ್ಸೋಣ್ರಿ ಅಂದೀನಿ, ನೋಡ್ಬೇಕು.