‘ತೃಪ್ತಿಕರ’ ಎಂದರೆ ಯಾರಿಗೆ?

ವ್ಯಾಪಾರದ ಕರಾರು ಪತ್ರಗಳನ್ನು ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ಹಲವು ವರ್ಷಗಳಿಂದ ನನ್ನ ಕೆಲಸ. ಆರಂಭದ ದಿನಗಳಲ್ಲಿ ನಾನು ಬರೆದ ಒಂದು ವಾಕ್ಯವನ್ನು ಇಂದಿಗೂ ಮರೆತಿಲ್ಲ: “ಕೆಲಸವು ತೃಪ್ತಿಕರವಾಗಿ ಪೂರ್ಣಗೊಂಡ ನಂತರ 30 ದಿನಗಳೊಳಗೆ ಹಣವನ್ನು ಪಾವತಿಸತಕ್ಕದ್ದು.” ವಾಕ್ಯ ಚಿಕ್ಕದಾಗಿತ್ತು, ಓದಲು ಸರಾಗವಾಗಿತ್ತು, ಎರಡೂ ಕಡೆಯವರು ತಕರಾರಿಲ್ಲದೆ ಸಹಿ ಹಾಕಿದರು. ಕೆಲಸ ಮುಗಿಯಿತೆಂದು ಗುತ್ತಿಗೆದಾರರು ಹೇಳಿದಾಗ ಮಾತ್ರ, ತಮಗಿನ್ನೂ ತೃಪ್ತಿಯಾಗಿಲ್ಲವೆಂದು ಕೆಲಸ ಕೊಟ್ಟವರು ಹೇಳಿದರು. ಏನು ಕೊರತೆ ಎಂಬುದನ್ನು ಅವರು ಹೇಳಲಿಲ್ಲ; ಹೇಳಲೇಬೇಕೆಂದು ಕರಾರಿನಲ್ಲಿ ಎಲ್ಲಿಯೂ ಇರಲಿಲ್ಲ. ತೃಪ್ತಿ ಯಾರದು, ಅದನ್ನು ಅಳೆಯುವುದು ಯಾವುದರಿಂದ, 30 ದಿನಗಳ ಎಣಿಕೆ ಶುರುವಾಗುವುದು ಯಾವ ದಿನದಿಂದ ಎಂಬ ಮೂರು ಪ್ರಶ್ನೆಗಳಿಗೂ ನನ್ನ ವಾಕ್ಯದಲ್ಲಿ ಉತ್ತರವಿರಲಿಲ್ಲ. ತಿಂಗಳುಗಟ್ಟಲೆ ಹಣ ನಿಂತಿತು, ಅದಕ್ಕಿಂತ ಮೊದಲೇ ಮಾತು ನಿಂತಿತು.

ಕರಾರು ಸರಳವಾಗಿರಬೇಕು ಎಂದು ಈಗ ಬಹಳ ಜನ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಚಿಕ್ಕದಾಗಿರುವುದೂ ಸ್ಪಷ್ಟವಾಗಿರುವುದೂ ಒಂದೇ ಎಂಬ ನಂಬಿಕೆ ಅಪಾಯಕಾರಿ ಎಂಬುದನ್ನು ಆ ವಾಕ್ಯ ನನಗೆ ಕಲಿಸಿತು. ವ್ಯಾಪಾರದ ಇತಿಹಾಸದಲ್ಲಿ ಹೆಸರಾದ ಕೆಲವು ವ್ಯಾಜ್ಯಗಳು ಹುಟ್ಟಿದ್ದು ಉದ್ದವಾದ ಷರತ್ತುಗಳಿಂದಲ್ಲ, ಯಾರೂ ಅನುಮಾನಿಸದ ಪುಟ್ಟ ಪದಗಳಿಂದ. 1864ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದರಲ್ಲಿ, ಬೊಂಬಾಯಿಯಿಂದ ‘ಪೀರ್‌ಲೆಸ್’ ಎಂಬ ಹಡಗಿನಲ್ಲಿ ಬರುವ ಹತ್ತಿಯನ್ನು ಕೊಳ್ಳುವುದಾಗಿ ಒಪ್ಪಂದವಾಗಿತ್ತು. ಅದೇ ಹೆಸರಿನ ಎರಡು ಹಡಗುಗಳು ಬೊಂಬಾಯಿಯಿಂದ ಹೊರಟಿದ್ದವು, ಒಂದು ಅಕ್ಟೋಬರಿನಲ್ಲಿ, ಇನ್ನೊಂದು ಡಿಸೆಂಬರಿನಲ್ಲಿ. ಕೊಳ್ಳುವವನ ಮನಸ್ಸಿನಲ್ಲಿದ್ದದ್ದು ಮೊದಲನೆಯದು, ಮಾರುವವನು ಹತ್ತಿ ಕಳುಹಿಸಿದ್ದು ಎರಡನೆಯದರಲ್ಲಿ. ತೀರ್ಪು ಕೊಳ್ಳುವವನ ಪರವಾಯಿತು. ಹಡಗು ಹೊರಡುವ ತಿಂಗಳನ್ನು ಬರೆದಿದ್ದರೆ ಒಂದೇ ಪದ ಹೆಚ್ಚಾಗುತ್ತಿತ್ತು.

ನನಗೆ ಇದಕ್ಕಿಂತಲೂ ಹತ್ತಿರವೆನಿಸುವುದು ಕೋಳಿಯ ಪ್ರಕರಣ. ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದು ನ್ಯೂಯಾರ್ಕಿನ ಮಾರಾಟಗಾರರಿಂದ ಶೈತ್ಯೀಕರಿಸಿದ ಕೋಳಿಯನ್ನು ಕೊಂಡಿತು. ಬಂದ ಸರಕಿನಲ್ಲಿ ದೊಡ್ಡ ಗಾತ್ರದವೆಲ್ಲ ಹೆಚ್ಚು ಹೊತ್ತು ಬೇಯಿಸಬೇಕಾದ ಬಲಿತ ಕೋಳಿಗಳಾಗಿದ್ದವು. ಕೊಂಡವರು ನಿರೀಕ್ಷಿಸಿದ್ದು ಹುರಿಯಲು ತಕ್ಕ ಎಳೆಯ ಕೋಳಿಗಳನ್ನು. ‘ಚಿಕನ್’ ಎಂದರೆ ಏನು ಎಂಬ ಪ್ರಶ್ನೆಯಿಂದಲೇ 1960ರ ತೀರ್ಪು ಆರಂಭವಾಗುತ್ತದೆ. ಕೊಂಡವರು ಜರ್ಮನ್ ಭಾಷೆಯ ತಂತಿ ಸಂದೇಶಗಳ ನಡುವೆಯೂ ಇಂಗ್ಲಿಷಿನ ಆ ಪದವನ್ನೇ ಬಳಸಿದ್ದರು, ಏಕೆಂದರೆ ಅದು ಎಳೆಯ ಕೋಳಿಯನ್ನು ಮಾತ್ರ ಸೂಚಿಸುತ್ತದೆಂದು ಅವರು ನಂಬಿದ್ದರು. ನ್ಯಾಯಾಧೀಶರು ನಿಘಂಟು, ಸರ್ಕಾರಿ ನಿಯಮಗಳು, ವ್ಯಾಪಾರದ ರೂಢಿ, ಮಾರುಕಟ್ಟೆಯ ದರ ಎಲ್ಲವನ್ನೂ ಪರಿಶೀಲಿಸಿದರು. ತಾವು ಹೇಳುವ ಸೀಮಿತ ಅರ್ಥವೇ ಕರಾರಿನ ಅರ್ಥವೆಂದು ಸಾಬೀತುಪಡಿಸಲು ಕೊಂಡವರಿಗೆ ಆಗಲಿಲ್ಲ, ದಾವೆ ವಜಾ ಆಯಿತು. ಈ ತೀರ್ಪನ್ನು ಓದಿದಾಗಲೆಲ್ಲ ನನ್ನನ್ನು ಕಾಡುವುದು ಒಂದೇ ವಿಚಾರ: ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು, ಇಬ್ಬರಿಗೂ ಆ ಪದ ಅತ್ಯಂತ ಸ್ಪಷ್ಟವಾಗಿಯೇ ಕಂಡಿರಬಹುದು.

ಹಾಗೆಂದು ಉದ್ದವಾದ ಬರವಣಿಗೆಯನ್ನು ನಾನು ಸಮರ್ಥಿಸುತ್ತಿಲ್ಲ. ಕೆನಡಾದ ಎರಡು ದೂರಸಂಪರ್ಕ ಕಂಪನಿಗಳ ನಡುವೆ ಕಂಬಗಳ ಬಳಕೆಗೆ ಸಂಬಂಧಿಸಿದ ಕರಾರಿತ್ತು. ಐದು ವರ್ಷಗಳ ಮೊದಲ ಅವಧಿ, ಆ ನಂತರದ ಐದೈದು ವರ್ಷಗಳ ಅವಧಿಗಳು, ಒಂದು ವರ್ಷದ ನೋಟಿಸ್ ಕೊಟ್ಟು ರದ್ದು ಮಾಡುವ ಅವಕಾಶ, ಈ ಮೂರನ್ನೂ ಒಂದೇ ವಾಕ್ಯದಲ್ಲಿ ಹೆಣೆಯಲಾಗಿತ್ತು. ಮೊದಲ ಐದು ವರ್ಷಗಳೊಳಗೇ ರದ್ದು ಮಾಡಬಹುದೇ ಎಂಬ ಪ್ರಶ್ನೆ ಎದ್ದಾಗ, ವಾಕ್ಯದ ನಡುವಿನ ಒಂದು ಅಲ್ಪವಿರಾಮದ ಆಧಾರದ ಮೇಲೆ ‘ಮಾಡಬಹುದು’ ಎಂದು ಅಲ್ಲಿನ ನಿಯಂತ್ರಣ ಆಯೋಗ 2006ರಲ್ಲಿ ಹೇಳಿತು. 2007ರಲ್ಲಿ, ಆ ಕರಾರಿಗೆ ಆಧಾರವಾಗಿದ್ದ ಮಾದರಿ ಕರಾರಿನ ಫ್ರೆಂಚ್ ಪಾಠವನ್ನು ನೋಡಿ ತನ್ನ ನಿರ್ಧಾರವನ್ನು ಬದಲಿಸಿತು. ಆ ವಾಕ್ಯವನ್ನು ಎರಡಾಗಿ ಒಡೆದಿದ್ದರೆ ಅಲ್ಪವಿರಾಮಕ್ಕೆ ಅಷ್ಟು ಭಾರ ಹೊರುವ ಪಾಡು ಬರುತ್ತಿರಲಿಲ್ಲ.

ಕನ್ನಡದಲ್ಲಿ ಕರಾರು ಬರೆಯುವವರು ಇನ್ನೂ ಎರಡು ವಿಷಯಗಳಲ್ಲಿ ಎಚ್ಚರವಾಗಿರಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಏಳು ಸಾಲು ಓದಿದ ಮೇಲೆಯೇ ಅದು ‘ತಕ್ಕದ್ದು’ ಎಂದು ಮುಗಿಯುತ್ತದೆಯೋ ‘ತಕ್ಕದ್ದಲ್ಲ’ ಎಂದು ಮುಗಿಯುತ್ತದೆಯೋ ತಿಳಿಯುವುದು. ಅಲ್ಲಿಯವರೆಗೆ ಓದುಗ ಎಲ್ಲ ಷರತ್ತುಗಳನ್ನೂ ತಲೆಯ ಮೇಲೆ ಹೊತ್ತು ಕಾಯಬೇಕು. ಎರಡನೆಯದಾಗಿ, ಕರ್ತೃಪದವಿಲ್ಲದೆಯೇ ನಮ್ಮ ವಾಕ್ಯ ಸಲೀಸಾಗಿ ನಿಲ್ಲುತ್ತದೆ. “ಸದರಿ ಸರಕನ್ನು ಪರಿಶೀಲಿಸಿ ವರದಿ ಸಲ್ಲಿಸತಕ್ಕದ್ದು” ಎಂಬಲ್ಲಿ ವ್ಯಾಕರಣದ ದೋಷವೇನೂ ಇಲ್ಲ. ಪರಿಶೀಲಿಸುವವರು ಯಾರು, ಸಲ್ಲಿಸುವುದು ಯಾರಿಗೆ ಎಂಬುದು ಮಾತ್ರ ಇಲ್ಲ. ಮಾತುಕತೆಯಲ್ಲಿ ಇದ್ದವರಿಗೆ ಅದು ಗೊತ್ತಿರುತ್ತದೆ, ಆದರೆ ಅವರು ಕೆಲಸ ಬಿಟ್ಟು ಹೋದ ಮೇಲೆ ಕಡತ ತೆರೆಯುವವರಿಗೆ ಗೊತ್ತಿರುವುದಿಲ್ಲ. ‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧ’ ಎಂಬ ಪದಗಳು ಗಾಂಭೀರ್ಯವನ್ನು ತರುತ್ತವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಮೇಲೆ ಮೂರು ಸರಕುಗಳ ಪ್ರಸ್ತಾಪ ಬಂದಿದ್ದರೆ ‘ಸದರಿ’ ಯಾವುದನ್ನು ತೋರಿಸುತ್ತದೆ ಎಂಬುದಕ್ಕೆ ಆ ಗಾಂಭೀರ್ಯ ಉತ್ತರಿಸುವುದಿಲ್ಲ.

ಒಂದೇ ವಸ್ತುವಿಗೆ ಒಂದು ಕಡೆ ‘ಸಾಮಗ್ರಿ’, ಇನ್ನೊಂದು ಕಡೆ ‘ಸರಕು’, ಮತ್ತೊಂದು ಕಡೆ ‘ಉತ್ಪನ್ನ’ ಎಂದು ಬರೆಯುವ ಅಭ್ಯಾಸವನ್ನೂ ಬಿಡಬೇಕು. ಪ್ರಬಂಧದಲ್ಲಿ ಪದಗಳ ವೈವಿಧ್ಯ ಗುಣವೆನಿಸುತ್ತದೆ. ಕರಾರಿನಲ್ಲಿ ಪದ ಬದಲಾದರೆ ವಸ್ತುವೇ ಬದಲಾಯಿತೆಂದು ವಾದಿಸಲು ಎದುರು ಪಕ್ಷಕ್ಕೆ ದಾರಿಯಾಗುತ್ತದೆ. ಎರಡು ಅರ್ಥ ಬರುವ ಮಾತನ್ನು ಅದನ್ನು ಬರೆದವರಿಗೆ ವಿರುದ್ಧವಾಗಿ ಅರ್ಥೈಸುವ ತತ್ವವೂ ಹಲವು ದೇಶಗಳ ನ್ಯಾಯಾಲಯಗಳಲ್ಲಿ ಇರುವುದರಿಂದ, ಅಸ್ಪಷ್ಟತೆ ತಮ್ಮ ಕೈಗೆ ಅಸ್ತ್ರವಾಗುತ್ತದೆಂದು ಬೇಕೆಂದೇ ಮಸುಕಾಗಿ ಬರೆಯುವವರು ಎರಡು ಬಾರಿ ಯೋಚಿಸುವುದು ಒಳ್ಳೆಯದು.

ನನ್ನ ಆ ಹಳೆಯ ವಾಕ್ಯವನ್ನು ಈಗ ಹೀಗೆ ಬರೆಯುತ್ತೇನೆ: “ಕೆಲಸ ಮುಗಿದ ಕೂಡಲೇ ಗುತ್ತಿಗೆದಾರನು ಅದನ್ನು ಗ್ರಾಹಕನಿಗೆ ಬರಹದಲ್ಲಿ ತಿಳಿಸಬೇಕು. ಆ ಪತ್ರ ತಲುಪಿದ ದಿನದಿಂದ 10 ದಿನಗಳೊಳಗೆ ಗ್ರಾಹಕನು ಕೆಲಸವನ್ನು ಅನುಬಂಧ 1ರ ಪಟ್ಟಿಯೊಂದಿಗೆ ಹೋಲಿಸಿ, ಕೊರತೆಗಳಿದ್ದರೆ ಗುತ್ತಿಗೆದಾರನಿಗೆ ಬರಹದಲ್ಲಿ ತಿಳಿಸಬೇಕು. ಆ ಅವಧಿಯೊಳಗೆ ತಿಳಿಸದಿದ್ದರೆ, 10ನೆಯ ದಿನದಂದು ಗ್ರಾಹಕನು ಕೆಲಸವನ್ನು ಒಪ್ಪಿಕೊಂಡಂತಾಗುತ್ತದೆ. ಒಪ್ಪಿಕೊಂಡ ದಿನದಿಂದ 30 ದಿನಗಳೊಳಗೆ ಗ್ರಾಹಕನು ಗುತ್ತಿಗೆದಾರನಿಗೆ ಪೂರ್ತಿ ಹಣ ಕೊಡಬೇಕು.” ಒಂದು ವಾಕ್ಯದ ಜಾಗದಲ್ಲಿ ನಾಲ್ಕು ಬಂದಿವೆ, ಆದರೆ ತೆಗೆದುಹಾಕಬಹುದಾದ ಪದ ನನಗೆ ಕಾಣುವುದಿಲ್ಲ. ಇಷ್ಟಾದರೂ ಕೊರತೆಗಳನ್ನು ಸರಿಪಡಿಸಲು ಗುತ್ತಿಗೆದಾರನಿಗೆ ಎಷ್ಟು ದಿನ ಎಂಬುದು ಇದರಲ್ಲಿ ಬಂದಿಲ್ಲವೆಂದು, ಮಾತುಕತೆಯಲ್ಲಿ ಇರದಿದ್ದ ಸಹೋದ್ಯೋಗಿಯೊಬ್ಬರು ಈ ಕರಡನ್ನು ಓದಿ ತೋರಿಸಿಕೊಟ್ಟರು. ಅದಕ್ಕಾಗಿ ಐದನೆಯ ವಾಕ್ಯವನ್ನು ಸೇರಿಸುತ್ತಿದ್ದೇನೆ.