ಬಯಾಪ್ಸಿ ವರದಿಯಲ್ಲಿ ‘ಉರಿಯೂತ’: ಇದು ಕ್ಯಾನ್ಸರಿನ ಮೊದಲ ಮೆಟ್ಟಿಲಾ?

ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ನಮ್ಮ ದೊಡ್ಡಪ್ಪನಿಗೆ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ಬಿಡುವ ಒಂದು ಪ್ರೊಟೀನು) ಜಾಸ್ತಿ ಬಂತು. ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಆ ಗ್ರಂಥಿಯಿಂದ ಬಯಾಪ್ಸಿ ತೆಗೆದರು. ಸೂಜಿಯಲ್ಲಿ ಬಂದ ಹನ್ನೆರಡು ಚೂರು, ಒಂದೊಂದೂ ದಾರದೆಳೆಯಷ್ಟು ಸಣ್ಣ. ವರದಿಯ ತಿರುಳು ಎರಡೇ ಸಾಲು: ಕ್ಯಾನ್ಸರ್ ಕಂಡಿಲ್ಲ, ದೀರ್ಘಕಾಲದ ಉರಿಯೂತ (ಬಿಳಿ ರಕ್ತಕಣಗಳು ಬಂದು ಗುಂಪುಗೂಡಿರೋದು) ಇದೆ. ಮೊದಲನೆಯದಕ್ಕೆ ಸಮಾಧಾನಪಟ್ಟರು, ಎರಡನೆಯದಕ್ಕೆ ಕೇಳಿದರು: ‘ಇದೇ ಮುಂದೆ ಅದಾಗುತ್ತೇನಪ್ಪಾ?’ ಆಗುತ್ತೆ ಅನ್ನುವವರ ವಾದ ಮೊದಲು.

ಪರ

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಗಡ್ಡೆಗಳ ಒಳಗೆ ಬಿಳಿ ರಕ್ತಕಣಗಳನ್ನು ನೋಡಿದ ಜರ್ಮನಿಯ ರುಡಾಲ್ಫ್ ವಿರ್ಕೋ, ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿದೆ ಅಂತ 1863ರಲ್ಲೇ ಹೇಳಿದ್ದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಜಠರದಲ್ಲಿ, ಹೆಪಟೈಟಿಸ್ ಬಿ ವೈರಸ್ ಲಿವರಿನಲ್ಲಿ ವರ್ಷಗಟ್ಟಲೆ ಉರಿಯೂತ ಉಳಿಸಿ ಕೊನೆಗೆ ಕ್ಯಾನ್ಸರ್ ತರಬಲ್ಲವು. ಪ್ರಾಸ್ಟೇಟ್ ಮಾತ್ರ ಇದಕ್ಕೆ ಹೊರತು ಅನ್ನೋಕೆ ಕಾರಣ ಬೇಕಲ್ವಾ?

1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಆಂಜೆಲೊ ಡಿ ಮಾರ್ಝೊ ಮತ್ತು ಜೊತೆಗಾರರು ಪ್ರಾಸ್ಟೇಟಿನಲ್ಲಿ ಒಂದು ಬಗೆಯ ಜಾಗವನ್ನು ಗುರುತಿಸಿದರು. ಅಲ್ಲಿನ ಜೀವಕೋಶಗಳು ಸೊರಗಿದಂತೆ ಕಾಣುತ್ತವೆ, ಆದರೆ ಬೇಗಬೇಗ ಒಡೆದು ಹೆಚ್ಚುತ್ತಿರುತ್ತವೆ. ಸುತ್ತ ಉರಿಯೂತ. ವಿವರಣೆ ಹೀಗೆ: ರಕ್ಷಣೆಗೆ ಬಂದ ಬಿಳಿ ರಕ್ತಕಣಗಳು ಉಗುಳುವ ಆಕ್ಸಿಡೆಂಟ್‌ಗಳು (ರೋಗಾಣು ಕೊಲ್ಲುವ ತೀಕ್ಷ್ಣ ರಾಸಾಯನಿಕಗಳು) ನಮ್ಮದೇ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಗಾಯ ತುಂಬಲು ಹೊಸ ಜೀವಕೋಶ ಹುಟ್ಟುತ್ತಲೇ ಇರಬೇಕು. ಪೆಟ್ಟು ಬಿದ್ದ ಡಿಎನ್‌ಎಯನ್ನೇ ನಕಲು ಮಾಡುತ್ತಾ ಹೋದರೆ ತಪ್ಪು ಉಳಿದುಬಿಡುತ್ತದೆ.

ಕ್ಯಾನ್ಸರ್ ಬಂದ ಮೇಲೂ ರೋಗನಿರೋಧಕ ಸಂಕೇತಗಳ ಪಾತ್ರ ದೊಡ್ಡದು. ಈ ಕ್ಯಾನ್ಸರ್ ಗಂಡು ಹಾರ್ಮೋನಿನ ಮೇಲೆ ಬೆಳೆಯುತ್ತದೆ ಅಂತ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. ಆದರೆ ಹಾರ್ಮೋನ್ ನಿಲ್ಲಿಸಿದ ಮೇಲೂ ಕೆಲವರಲ್ಲಿ ಅದು ಮತ್ತೆ ಚಿಗುರುತ್ತದೆ. ಅದಕ್ಕೆ ಬಿಳಿ ರಕ್ತಕಣಗಳಲ್ಲೇ ಒಂದು ಗುಂಪು ಇಂಟರ್‌ಲ್ಯೂಕಿನ್-23 ಅನ್ನೋ ಸಂಕೇತದ ಪ್ರೊಟೀನು ಬಿಟ್ಟು ನೆರವಾಗುತ್ತದೆ ಅಂತ 2018ರಲ್ಲಿ ಇಲಿಗಳ ಮೇಲಿನ ಕೆಲಸ ತೋರಿಸಿತು. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆ ಗುಂಪು ಗಡ್ಡೆಯತ್ತ ಬರದಂತೆ ತಡೆಯುವ ಔಷಧವನ್ನು ಹಾರ್ಮೋನ್ ಔಷಧದ ಜೊತೆ ರೋಗಿಗಳಿಗೇ ಕೊಟ್ಟು ನೋಡಿದರು. 21 ಮಂದಿಯಲ್ಲಿ 5 ಮಂದಿಯ ಕ್ಯಾನ್ಸರ್ ಔಷಧಕ್ಕೆ ಸ್ಪಂದಿಸಿತು. ಸಣ್ಣ ಅಧ್ಯಯನ, ನಿಜ. ಆದರೆ ಮನುಷ್ಯರಲ್ಲಿ ಕಂಡದ್ದು.

ವಿರೋಧ

ಮೇಲಿನ ವಾದ ಓದಲು ಚೆನ್ನಾಗಿದೆ. ಆದರೆ ದೊಡ್ಡಪ್ಪನ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಕ್ಯಾನ್ಸರನ್ನು ಬೆಳೆಸೋದು ಬೇರೆ, ಹುಟ್ಟಿಸೋದು ಬೇರೆ. ಅದಕ್ಕಿಂತ ಮುಖ್ಯವಾಗಿ, ವರದಿಯ ಆ ಒಂದು ಸಾಲು ಮುಂದಿನದನ್ನು ಹೇಳುತ್ತಾ?

ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಔಷಧ ಸಿಗದ ಗುಂಪಿನವರ ಬಯಾಪ್ಸಿಗಳನ್ನು ಹೋಲಿಸಿ 2014ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ಇದ್ದವರಲ್ಲಿ ಶೇ 86 ಮಂದಿಗೆ ಉರಿಯೂತ ಇತ್ತು. ಪರ ವಾದದವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಕ್ಯಾನ್ಸರ್ ಇಲ್ಲದವರಲ್ಲಿ? ಶೇ 78. ವ್ಯತ್ಯಾಸ ಇಲ್ಲ ಅನ್ನುತ್ತಿಲ್ಲ, ಇದೆ. ಆದರೆ ನಾಲ್ಕರಲ್ಲಿ ಮೂವರಿಗೂ ಮೀರಿ ಇರುವ ಸಂಗತಿಯನ್ನು ಇಟ್ಟುಕೊಂಡು ಒಬ್ಬರನ್ನು ಹೆದರಿಸೋದು ಹೇಗೆ? ಅಲ್ಲದೆ ಎರಡನ್ನೂ ಒಂದೇ ಹೊತ್ತಿಗೆ ನೋಡಿದ್ದು. ಯಾವುದು ಮೊದಲು ಬಂತು ಅಂತ ಅದರಿಂದ ತಿಳಿಯದು.

ಮೊದಲು ಉರಿಯೂತ ನೋಡಿ, ಆಮೇಲೆ ವರ್ಷಗಟ್ಟಲೆ ಕಾದ ಅಧ್ಯಯನವೂ ಇದೆ. ರೆಡ್ಯೂಸ್ ಅಂತ ಅದರ ಹೆಸರು. 6,000ಕ್ಕೂ ಹೆಚ್ಚು ಗಂಡಸರು, ಎಲ್ಲರಿಗೂ ಪಿಎಸ್‌ಎ ಏರಿತ್ತು, ಮೊದಲ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಥೇಟ್ ನಮ್ಮ ದೊಡ್ಡಪ್ಪನ ಕೇಸು. ಪಿಎಸ್‌ಎ ಏರಲಿ ಬಿಡಲಿ, 2 ವರ್ಷ ಆದಾಗ ಒಮ್ಮೆ, 4 ವರ್ಷ ಆದಾಗ ಒಮ್ಮೆ ಮತ್ತೆ ಬಯಾಪ್ಸಿ ಅಂತ ಮೊದಲೇ ನಿಗದಿ. ಉರಿಯೂತ ಇದ್ದವರಲ್ಲಿ ಮುಂದೆ ಕ್ಯಾನ್ಸರ್ ಸಿಕ್ಕಿದ್ದು ಕಡಿಮೆ! ಕಾರಣ ಊಹಿಸೋದು ಕಷ್ಟವಲ್ಲ. ಉರಿಯೂತವೂ ಪಿಎಸ್‌ಎಯನ್ನು ಏರಿಸುತ್ತದೆ. ಅಂಥವರ ಪಿಎಸ್‌ಎ ಏರಿದ್ದು ಬಹುಶಃ ಅದರಿಂದಲೇ, ಅಡಗಿದ ಕ್ಯಾನ್ಸರಿನಿಂದಲ್ಲ. ನನ್ನ ತಕ್ಕಡಿ ವಾಲೋದು ಈ ಕಡೆಗೆ.

ಆಕ್ಸಿಡೆಂಟ್ ಕಥೆಗೂ ಒಂದು ಪರೀಕ್ಷೆ ನಡೆದಿದೆ. ಪೆಟ್ಟು ಕೊಡೋದು ಆಕ್ಸಿಡೆಂಟ್ ಆದರೆ, ಅದನ್ನು ತಡೆಯುವ ವಿಟಮಿನ್ ಇ ಕಾಪಾಡಬೇಕಿತ್ತು. 35,000ಕ್ಕೂ ಹೆಚ್ಚು ಗಂಡಸರ ಸೆಲೆಕ್ಟ್ ಪ್ರಯೋಗದಲ್ಲಿ ಬರೀ ವಿಟಮಿನ್ ಇ ತೆಗೆದುಕೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಗಿತ್ತು ಅಂತ 2011ರಲ್ಲಿ ಗೊತ್ತಾಯಿತು. (ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಬಗ್ಗೆಯೂ ಇಂಥದ್ದೇ ಆಸೆ ಇದೆ. ಅದೇ ನಿಜವಾಗಿದ್ದರೆ ನಮ್ಮ ಕೋಲಾರದವರು ಈ ವಾರ್ಡಿನ ಕಡೆ ತಲೆ ಹಾಕಬೇಕಾಗಿರಲಿಲ್ಲ.) ಉರಿಯೂತದ ಇನ್ನೊಂದು ಸಂಕೇತವಾದ ಇಂಟರ್‌ಲ್ಯೂಕಿನ್-6ನ್ನು ತಡೆಯುವ ಸಿಲ್ಟಕ್ಸಿಮ್ಯಾಬ್ ಔಷಧ ಕೂಡ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಕೈಕೊಟ್ಟಿತು.

ಅಪಾಯ ಇರೋದು ಇಲ್ಲಿ: ‘ಉರಿಯೂತ’ ಅಂತ ಬರೆದಿದೆಯಲ್ಲ ಅಂತ ಮೆಡಿಕಲ್ ಸ್ಟೋರಿನಿಂದ ತಿಂಗಳುಗಟ್ಟಲೆ ನೋವಿನ ಮಾತ್ರೆ ತಂದು ನುಂಗೋದು. ಜಠರದಲ್ಲಿ ರಕ್ತಸ್ರಾವ, ಕಿಡ್ನಿಗೆ ಪೆಟ್ಟು, ಇವು ಮಾತ್ರ ಊಹೆಯಲ್ಲ. ಜ್ವರ, ಮೂತ್ರದ ಉರಿ, ಸೋಂಕು ಏನೂ ಇಲ್ಲದವರಿಗೆ ಪಿಎಸ್‌ಎ ಇಳಿಸಲೆಂದೇ ಆಂಟಿಬಯಾಟಿಕ್ ಕೊಡೋದಕ್ಕೂ ಅರ್ಥವಿಲ್ಲ. ಡಾಕ್ಟರ ಹತ್ತಿರ ಕೇಳಬೇಕಾದ್ದು ಬೇರೆ: ಪಿಎಸ್‌ಎ ಮತ್ತೆ ಯಾವಾಗ ನೋಡೋದು, ಎಂಆರ್‌ಐ ಬೇಕಾ, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಲೆಕ್ಕ ಬದಲಾಗುತ್ತಾ.